ಎದೆಯೊಳಗಿನ ಡಬ್ಬಿ

ಪರದೆಯ ಮೇಲೆ ನೀಲಿ ಚುಕ್ಕಿಗಳ ಬಳೆ ತಿರುಗುತ್ತಲೇ ಇದೆ, ಇನ್ನೂ ಏನೂ ಶುರುವಾಗಿಲ್ಲ, ಡಾಕ್ಟರ ಕಂಪ್ಯೂಟರ್ ಏಳುತ್ತಿದೆ ಅಷ್ಟೇ, ಥೂ, ಇದರ ಯೋಗ್ಯತೆ ಷಡಕ್ಷರಿಗೆ ಗೊತ್ತಿಲ್ಲದ್ದೇ, ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನೆದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ತಲೆ ನರೆತಿದೆ, ಹನೂರು ಯಳಂದೂರಿನಿಂದ ಹೊತ್ತು ತಂದವಕ್ಕೆಲ್ಲ ಒಂದೇ ಮದ್ದು, ಆಫ್ ಮಾಡು, ಆನ್ ಮಾಡು — ಪ್ರೋಗ್ರಾಂ ಬರೆದವನಿಗೇ ನಂಬಿಕೆಯಿಲ್ಲದೆ ರೀಸ್ಟಾರ್ಟ್ ಗುಂಡಿ ಇಟ್ಟಿರುವಾಗ ಇನ್ನು ಯಾರು ನಂಬಬೇಕು — ಅಪ್‌ಡೇಟ್ ಬಂದರೆ ಮುಟ್ಟಬೇಡಿ ಅಂತ ಬಡಕೊಂಡರೂ ಮುಟ್ಟಿ ಕೆಡಿಸಿಕೊಂಡ ಪುಣ್ಯಾತ್ಮರಿಂದಲೇ ಅವನ ಒಲೆ ಉರಿದದ್ದು, ಈಗ ಅವನೇ ಈ ನರ್ಸಿಂಗ್ ಹೋಮಿನಲ್ಲಿ ಅಂಗಿ ಬಿಚ್ಚಿ ಮಲಗಿದ್ದಾನೆ, ಹೆಗಲ ಕೆಳಗೆ ಚರ್ಮದೊಳಗೆ ಪೇಸ್‌ಮೇಕರ್, ಅದಕ್ಕೆ ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಿಬಿಡಲಾ ಅಂದರು ಮೈಸೂರಿನಿಂದ ಬಂದ ಡಾಕ್ಟರು, ಹಳೆಯದರಲ್ಲಿ ಏನೋ ದೋಷವಂತೆ, ಅಹಾ, ಎದೆಯೊಳಗೆ ಹೂತ ಮೇಲೆ ನೆನಪಾಯಿತು ಮಹಾಶಯರಿಗೆ, ನಡುವೆ ಕೆಟ್ಟು ನಿಂತರೆ ಅಂದದ್ದಕ್ಕೆ ಹಾಗೆಲ್ಲ ಆಗೋದಿಲ್ಲ ಅಂತ ನಕ್ಕರು, ಗಿರಾಕಿಗಳ ಮುಂದೆ ಅವನು ನಗುವ ನಗುವೇ ಅದು, ನರ್ಸು ಬೇರೆ, ಕೊರಳಿನದು ತೆಗೆದಿಡಿ ಅನ್ನುತ್ತಾಳೆ, ತೆಗೆದಿಡುವುದಾ, ದೀಕ್ಷೆಯಾದಂದಿನಿಂದ ಮೈ ಬಿಟ್ಟಿರದ ಲಿಂಗ, ಅದಕ್ಕೆ ಯಾವ ಅಪ್‌ಡೇಟೂ ಬೇಕಿಲ್ಲ, ಕೊರಳಿನ ಕರಡಿಗೆ ಬಿಚ್ಚಿ ಒಳಗಿನ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದ, ಬೇಡ, ಇದ್ದ ಹಾಗೇ ಇರಲಿ ಅಂತ ಬಾಯಿ ತೆರೆಯುವಷ್ಟರಲ್ಲಿ ಕಾಲ ಬಳಿ ನಿಂತಿದ್ದ ಹೆಂಡತಿ ಮಾಲಿನಿ ತಣ್ಣಗೆ ಅಂದಳು, ಒನ್ನೂರ್ ಮದ್ವೇಲಿ ಉಣ್ಣಕ್ ಕೂತವ್ರು ಎಲೆ ಮ್ಯಾಲೇ ಬಿದ್ರಲ್ಲ, ಆವತ್ತು ನಿಮ್ ಎದೇಲಿ ಯಾವ ಸಾಪ್ಟ್‌ವೇರ್ ಇತ್ತು ಅಂತ ಏಳಿ.

ಇರಲಿಲ್ಲ, ಹೊನ್ನೂರಿನಲ್ಲಿ ಇದ್ದದ್ದು ಹೆತ್ತವರು ಕೊಟ್ಟ ಗುಂಡಿಗೆ, ಯಾವ ಕಂಪನಿಯದೂ ಅಲ್ಲ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು, ದರಿದ್ರದ್ದು, ರೀಸ್ಟಾರ್ಟ್ ಗುಂಡಿಯೂ ಇಲ್ಲ — ಅಂದಿನಿಂದ ಆ ಗುಂಡಿಗೆಯನ್ನು ಬಿಡದೆ ಬಡಿಸುತ್ತಿರುವುದು ಈ ನಾಚಿಕೆಗೆಟ್ಟ ಡಬ್ಬಿ, ದೋಷವಿದ್ದೂ, ಇದನ್ನು ಒಪ್ಪಲು ನಾಲಿಗೆ ಏಳುತ್ತಿಲ್ಲ, ಭಯವಾಗುತ್ತಿದೆ, ಹೌದು, ಭಯವೇ, ಹಾಕದಿದ್ದರೆ ದೋಷ, ಹಾಕಿದರೆ ಇನ್ನೇನೋ, ಆಕ್ಬುಡಿ ಸಾ ಅಂದ, ಡಾಕ್ಟರು ಕಂಪ್ಯೂಟರಿಗೆ ತಂತಿ ಹಾಕಿದ್ದ ಸೋಪಿನಷ್ಟು ದೊಡ್ಡ ಯಂತ್ರವನ್ನು ಎದೆಯ ಮೇಲಿಟ್ಟು ಗುಂಡಿ ಒತ್ತಿದರು, ತಣ್ಣಗಿದೆ, ಕಣ್ಣನ್ನು ಲಿಂಗದಲ್ಲಿ ನೆಡಬೇಕು, ರೆಪ್ಪೆ ಬಡಿಯಬಾರದು, ಗುರುಗಳು ಹೇಳಿಕೊಟ್ಟದ್ದು ಅದು, ರೆಪ್ಪೆ ಬಡಿಯುತ್ತಿಲ್ಲ, ಆದರೆ ಕಣ್ಣು ಪರದೆಯ ಮೇಲಿದೆ, ನೀಲಿ ಬಳೆ ತಿರುಗುತ್ತಿದೆ, ತಿರುಗುತ್ತಿದೆ, ಒಂದು ಚುಕ್ಕಿ ತಡವರಿಸಿತೇ, ಇಲ್ಲ, ನಿಲ್ಲಬೇಡ ನನ್ನಪ್ಪ, ತಿರುಗು, ನಿಲ್ಲಬೇಡ