ಬಿತ್ತನೆಯ ಹಿಂದಿನ ರಾತ್ರಿ

ಮಳೆ ಬಿದ್ದು ನೆಲ ಹದವಾಗಿತ್ತು. ಅಕ್ಕಪಕ್ಕದ ಹೊಲಗಳಲ್ಲಿ ಮುಸುಕಿನ ಜೋಳ ಆಗಲೇ ಮೊಳೆತು ಬೆರಳುದ್ದ ಎದ್ದಿತ್ತು. ನಮ್ಮದು ಮಾತ್ರ ಬೋಳಾಗಿ ಬಿದ್ದಿತ್ತು. ದಾರಿಯಲ್ಲಿ ಹೋಗುವವರು ಒಮ್ಮೆ ಹೊಲ ನೋಡುವರು, ಇನ್ನೊಮ್ಮೆ ನನ್ನ ಮುಖ ನೋಡುವರು. ಹೊಲ ಬೋಳಾಗಿದ್ದರೆ ಮುದುಕಿಯ ಮುಖವನ್ನೇಕೆ ನೋಡಬೇಕು ಎಂದು ಬೇರೆ ಕಡೆಯವರು ಕೇಳಬಹುದು. ನಮ್ಮ ಲುವೊ ಜನರಲ್ಲಿ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಬಿತ್ತನೆ ಶುರುವಾಗುವುದು ಹೊಲದಲ್ಲಲ್ಲ, ಹಾಸಿಗೆಯಲ್ಲಿ. ಮನೆಯ ಯಜಮಾನ ಹಿರಿಯ ಹೆಂಡತಿಯ ಜೊತೆ ಗಂಡನಾಗಿ ರಾತ್ರಿ ಕಳೆಯಬೇಕು, ಬೆಳಿಗ್ಗೆ ಅವಳು ಮೊದಲ ಕಾಳನ್ನು ಮಣ್ಣಿಗೆ ಹಾಕಬೇಕು. ಆಮೇಲೆಯೇ ಹಿರಿಯ ಮಗ, ಅವನ ನಂತರ ಕಿರಿಯವನು. ಅಪ್ಪ ಬದುಕಿರುವಾಗ ಮಗ ಮೊದಲು ಬಿತ್ತಿದರೆ ಅಪ್ಪನನ್ನು ಹೂತಂತೆಯೇ ಲೆಕ್ಕ. ಆ ರಾತ್ರಿ ಕಳೆಯದೆ ಸುಳ್ಳು ಮಾಡಿ ಬಿತ್ತಿದರೆ ಚಿರಾ ಎಂಬ ಶಾಪ ತಟ್ಟುತ್ತದೆ. ಮನೆಯ ಮಕ್ಕಳು ಕಾರಣವಿಲ್ಲದೆ ಸೊರಗಿ ಸೊರಗಿ ಸಾಯುತ್ತವೆ. ಈಗ ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಬಿಟ್ಟಿರಲಿಲ್ಲ. ನನ್ನ ಗಂಡ ಮಿಡಿವೊ ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವರು, ಆದರೆ ಬಿತ್ತನೆಯ ಮಾತು ಬಂದರೆ ಅಪ್ಪ ಅಜ್ಜ ಹೇಳಿದ್ದೇ ಕೊನೆ.

ಈ ಸಲ ಅದು ಅವರ ಕೈಲಿ ಆಗುವಂತಿರಲಿಲ್ಲ. ಆಗುವುದಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಹೋದ ಕೊಯ್ಲಿನ ಹೊತ್ತಿಗೆ ಇವರಿಗೆ ಮೂತ್ರ ಕಟ್ಟಿಕೊಳ್ಳಲು ಶುರುವಾಗಿತ್ತು. ವಯಸ್ಸಾಯಿತು ಎಂದುಕೊಂಡೆವು. ಆಮೇಲೆ ಸೊಂಟ ಹಿಡಿಯಿತು, ಆಮೇಲೆ ಎದ್ದು ನಿಲ್ಲುವುದೇ ಕಷ್ಟವಾಯಿತು. ಕಿಸುಮುವಿನ ದೊಡ್ಡಾಸ್ಪತ್ರೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದರು, ಮೂಳೆಗೂ ಹೋಗಿದೆ ಎಂದರು. ಗಂಡಸಿನ ಬೀಜ ಎರಡನ್ನೂ ತೆಗೆದುಬಿಟ್ಟರೆ ರೋಗ ಉಪವಾಸ ಬೀಳುತ್ತದೆ, ನೋವು ಇಳಿಯುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಆಮೇಲೆ ಏನೇನು ಹೋಗುತ್ತದೆ ಎಂದೂ ಹೇಳಿರಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಆ ನೋವಿನಲ್ಲಿ ಇವರು ತಲೆ ತೆಗೆಯುತ್ತೇವೆ ಎಂದಿದ್ದರೂ ಹೂಂ ಎನ್ನುತ್ತಿದ್ದರು. ಊರಿಗೆ ಬಂದು ಮೂತ್ರಕೋಶದ ಕಲ್ಲು ತೆಗೆಸಿದೆವು ಎಂದು ಹೇಳಿದೆವು.

ನೋವು ನಿಜವಾಗಿ ಇಳಿಯಿತು. ಕೋಲು ಹಿಡಿದು ಅಂಗಳ ಸುತ್ತುವಷ್ಟಾದರು. ಅದರ ಬದಲಿಗೆ ಬೇರೆ ಬಂತು. ಕೂತಲ್ಲೇ ಮೈಯೆಲ್ಲ ಬಿಸಿಯಾಗಿ ಬೆವರು ಇಳಿಯುವುದು, ನನಗೆ ಮುಟ್ಟು ನಿಲ್ಲುವ ಕಾಲದಲ್ಲಿ ಆಗುತ್ತಿತ್ತಲ್ಲ, ಥೇಟ್ ಅದೇ. ಆಗ ನಾನು ಸೆಕೆ ಸೆಕೆ ಎಂದರೆ ಇವರು ನಗುತ್ತಿದ್ದರು. ಈಗ ನನ್ನ ತಲೆವಸ್ತ್ರದಲ್ಲಿ ಗಾಳಿ ಹಾಕುತ್ತಾ, ಹೇಗಿದೆ ನನ್ನ ಸೆಕೆ ಎಂದು ಕೇಳಿದೆ. ಅವರು ಸ್ವಲ್ಪ ನಕ್ಕರು, ಆಮೇಲೆ ಗೋಡೆಯ ಕಡೆ ತಿರುಗಿದರು. ಮೂತ್ರವೂ ಹತೋಟಿಯಲ್ಲಿ ಉಳಿಯಲಿಲ್ಲ. ಹಳೆಯ ಲಂಗ ಹರಿದು ಒಳಗೆ ಇಡಲು ಬಟ್ಟೆಯ ಪಟ್ಟಿ ಹೊಲಿದುಕೊಟ್ಟೆ. ಅವನ್ನು ಒಗೆದು ನನ್ನ ಬಟ್ಟೆಯ ಅಡಿಯಲ್ಲಿ, ಸೊಸೆಯ ಕಣ್ಣಿಗೆ ಬೀಳದಂತೆ ಒಣಹಾಕುತ್ತಿದ್ದೆ.

ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಈ ರೋಗದ ಗಂಡಸರನ್ನೆಲ್ಲ ಕರೆದು ಕೂರಿಸುತ್ತಾರೆ. ಚಹಾ, ಬ್ರೆಡ್ಡು ಕೊಡುತ್ತಾರೆ. ಮನಸ್ಸು ಬಿಚ್ಚಿ ಮಾತಾಡಿ ಎನ್ನುತ್ತಾರೆ. ಗಂಡಸರು ಮನಸ್ಸು ಬಿಚ್ಚಿ ಬಸ್ಸಿನವರನ್ನು ಬೈಯುತ್ತಾರೆ, ಫುಟ್‌ಬಾಲ್ ಆಡುವವರನ್ನು ಬೈಯುತ್ತಾರೆ, ಚಹಾ ಕುಡಿದು ಎದ್ದುಬರುತ್ತಾರೆ. ಅದನ್ನು ನಡೆಸುವ ನರ್ಸ್ ಕಿನ್ಯಾ ಮೇರು ಕಡೆಯ ಹುಡುಗಿ, ನಮ್ಮ ಪದ್ಧತಿ ಗೊತ್ತಿಲ್ಲದವಳು, ಆದರೆ ಒಳ್ಳೆಯವಳು. ಗಂಡಹೆಂಡಿರ ಪ್ರೀತಿಗೆ ಬೇರೆ ದಾರಿಗಳೂ ಇವೆ, ಕೈ ಹಿಡಿದು ಕೂತುಕೊಳ್ಳಿ ಎಂದು ಕಲಿಸಿದಳು. ಮಳೆಗೆ ಮುಂಚೆ ಒಂದು ಸಲ ಯಾಲಾ ಕಡೆಯ ಬಿಳಿಗಡ್ಡದ ಮುದುಕನೊಬ್ಬ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದವನು, ಕೈ ಎತ್ತಿದ.

"ತಾಯೀ, ಬಿತ್ತನೆಗೆ ಏನ್ ಮಾಡೋದು?" ಎಂದ.

ಎಲ್ಲ ಮುದುಕರೂ ತಲೆ ತಗ್ಗಿಸಿ ಚಹಾದ ಲೋಟ ನೋಡತೊಡಗಿದರು.

"ಬಗ್ಗೋ ಕೆಲಸ ಮಾಡ್ಲೇಬೇಡಿ ತಾತ, ಮೂಳೆ ಮುರಿಯುತ್ತೆ. ಗುದ್ದಲಿ ಮಕ್ಕಳ ಕೈಗೆ ಕೊಟ್ಟು ನೀವು ನೆರಳಲ್ಲಿ ಕೂತ್ಕೊಳ್ಳಿ," ಎಂದು ಕಿನ್ಯಾ ಪ್ರೀತಿಯಿಂದ ಹೇಳಿದಳು. ಮುದುಕ ಕೈ ಇಳಿಸಿದ. ಅವಳಿಗೆ ನಾನಾದರೂ ಹೇಳಬಹುದಿತ್ತು. ಮಗಳ ವಯಸ್ಸಿನವಳ ಮುಂದೆ, ಅಷ್ಟು ಗಂಡಸರ ನಡುವೆ, ನನ್ನ ನಾಲಿಗೆಯೂ ಏಳಲಿಲ್ಲ.

ಮಳೆ ಬಂದಮೇಲೆ ಹಿರಿಮಗ ಒಕುಮು ದಿನಾ ಬೆಳಿಗ್ಗೆ ಎತ್ತು ಬಿಚ್ಚಿಕೊಂಡು ಬಂದು ಅಂಗಳದಲ್ಲಿ ನಿಲ್ಲುತ್ತಿದ್ದ. ಯಾವಾಗ ಬಿತ್ತುತ್ತೀರಿ ಎಂದು ಅಪ್ಪನನ್ನು ಮಗ ಕೇಳುವಂತಿಲ್ಲ. ನೆಲ ಚೆನ್ನಾಗಿ ನೆನೆದಿದೆ ಎಂದಷ್ಟೇ ಹೇಳಿ ಎತ್ತು ಹೊಡೆದುಕೊಂಡು ವಾಪಸು ಹೋಗುತ್ತಿದ್ದ. ಅವನ ಹೆಂಡತಿ ಇದನ್ನೆಲ್ಲ ಬಿಟ್ಟು ಬಿತ್ತಿಬಿಡಿ ಎಂದು ಅವನ ಜೀವ ತಿನ್ನುತ್ತಿದ್ದಳಂತೆ. ಅಪ್ಪ ಇರುವಾಗ ಅಪ್ಪನನ್ನು ಹೂಳಲಾರೆ ಎಂದು ಅವನು ಹೇಳಿದ್ದನ್ನು ನಾನೇ ಬೇಲಿಯಾಚೆಯಿಂದ ಕೇಳಿಸಿಕೊಂಡೆ.

ಒಂದು ಮಧ್ಯಾಹ್ನ ನಾನೇ ಬಾಯಿಬಿಟ್ಟೆ.

"ಒಕುಮುವಿನ ಅಪ್ಪಾ, ರಾತ್ರಿ ಬಾಗಿಲು ಹಾಕ್ಕೊಂಡು ಮಲಗೋಣ. ಬೆಳಿಗ್ಗೆ ಎದ್ದು ನಾನು ಕಾಳು ಹಾಕ್ತೀನಿ. ಒಳಗೆ ಏನಾಯ್ತು ಅಂತ ಯಾರು ಬಂದು ನೋಡ್ತಾರೆ?"

"ಏಟು ಬೀಳೋದು ನಂಗಾಗಿದ್ರೆ ಇವತ್ತೇ ಮಾಡ್ತಿದ್ದೆ," ಎಂದರು. "ಬೀಳೋದು ಅಮೊಲೊ ಮೇಲೆ."

ಅಮೊಲೊ ಒಕುಮುವಿನ ಕೊನೆಯ ಮಗಳು. ಅಜ್ಜನ ತೊಡೆಯೇ ಅವಳ ಮನೆ. ಅವಳ ಹೆಸರು ಬಂದಮೇಲೆ ನಾನು ಮಾತು ಮುಂದುವರಿಸಲಿಲ್ಲ. ಇದಕ್ಕೆ ಪರಿಹಾರದ ಬೇರು ಕೊಡುವ ಹಿರಿಯರು ಇಲ್ಲವೇ ಎಂದರೆ ಇದ್ದಾರೆ. ಆದರೆ ಯಾತಕ್ಕೆ ಬೇಕು ಎಂದು ಅವರೆದುರು ಬಾಯಿಬಿಟ್ಟು ಹೇಳಬೇಕು. ಅದಕ್ಕಿಂತ ಕೆರೆಗೋ ಬಾವಿಗೋ ಬೀಳುತ್ತೇನೆ ಎಂದರು ಇವರು. ನುಂಗುವಂತಿಲ್ಲ, ಉಗುಳುವಂತಿಲ್ಲ, ಹಾಗೆ ದಿನ ಕಳೆದವು.

ಕೊನೆಗೆ ಒಂದು ದಿನ ಇವರ ತಮ್ಮ ರಾಡಿಂಗ್ ಕುಲದ ಇಬ್ಬರು ಹಿರಿಯರನ್ನು ಕರೆದುಕೊಂಡು ಅಂಗಳಕ್ಕೆ ಬಂದ. ಮೂವರ ಮುಖ ನೋಡಿದೊಡನೆ ನನಗೆ ಅರ್ಥವಾಯಿತು. ಯಜಮಾನ ಬದುಕಿದ್ದಾನೆ, ಹೆಂಡತಿ ಬದುಕಿದ್ದಾಳೆ, ಬಿತ್ತನೆ ಆಗಿಲ್ಲ. ಅಂದಮೇಲೆ ಹೆಂಡತಿ ಬಾಗಿಲು ಹಾಕಿಕೊಂಡಿದ್ದಾಳೆ. ನಮ್ಮ ಜನಕ್ಕೆ ಇನ್ನೊಂದು ಕಾರಣ ಹೊಳೆಯುವುದೇ ಇಲ್ಲ.

ಇವರು ಮಾವಿನಮರದ ಕೆಳಗೆ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಒಕುಮು ದೂರದಲ್ಲಿ ಬೇಲಿಗೆ ಒರಗಿ ನಿಂತಿದ್ದ. ನಾನು ಸೋರೆಬುರುಡೆಯಲ್ಲಿ ಆರಿದ ಗಂಜಿ ತಂದು ಹಂಚಲು ನಿಂತೆ. ರಾಡಿಂಗ್ ಮಳೆ, ಬೆಳೆ, ದೇವರು ಎಂದು ಊರೆಲ್ಲ ಸುತ್ತಿ ಕೊನೆಗೆ ನನ್ನ ಹತ್ತಿರ ಬಂದ. ಕಾಯಿಲೆಯಿಂದ ಎದ್ದ ಗಂಡನನ್ನು ಹೇಸುವ ಹೆಂಗಸರು ಇದ್ದಾರೆ, ಅದು ತಪ್ಪು ಎಂದ. ಹಿರಿಯರಿಬ್ಬರೂ ತಲೆಯಾಡಿಸಿದರು. ಸಕ್ವಾದ ಹೆಣ್ಣುಗಳಿಗೆ ಮೊದಲಿಂದ ಸೊಕ್ಕು ಜಾಸ್ತಿ ಎಂದು ಒಬ್ಬ ಸೇರಿಸಿದ. ಸಕ್ವಾ ನನ್ನ ತವರು. ಮೈ ಉರಿಯಿತು, ಆದರೂ ಬುರುಡೆ ಬಿಗಿಹಿಡಿದು ನಿಂತೆ.

"ತಪ್ಪು ಅವಳದಲ್ಲ," ಎಂದರು ಇವರು.

"ಮತ್ತೆ ಯಾರದಣ್ಣ?"

ಇವರ ತುಟಿ ಅಲುಗಿತು. ಹಣೆಯಲ್ಲಿ ಬೆವರು ಒಡೆಯಿತು. ಹೇಳಿಬಿಡುತ್ತಾರೆ ಎಂದುಕೊಂಡೆ, ಹೇಳಲಿ ಎಂದೂ ಅನ್ನಿಸಿತು. ಆಗ ನೋಡಿದೆ, ಅವರ ಬೂದುಬಣ್ಣದ ಪ್ಯಾಂಟಿನ ಮೇಲೆ ತೊಡೆಯ ನಡುವಿನಿಂದ ಕಪ್ಪು ಒದ್ದೆ ಹರಡುತ್ತಿತ್ತು. ಅವರಿಗೂ ಗೊತ್ತಾಯಿತು. ಅವರು ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇನ್ನೊಂದು ಗಳಿಗೆಯಲ್ಲಿ ಮಗನ ಕಣ್ಣು ಅಲ್ಲಿಗೆ ಬೀಳುತ್ತಿತ್ತು.

ನಾನು ಬುರುಡೆಯ ಗಂಜಿಯನ್ನೆಲ್ಲ ಅವರ ತೊಡೆಯ ಮೇಲೆ ಸುರಿದುಬಿಟ್ಟೆ.

ಹಿರಿಯರು ಎದ್ದು ನಿಂತರು. ಒಕುಮು ಓಡಿಬಂದು ನನ್ನ ಕೈಯಿಂದ ಬುರುಡೆ ಕಿತ್ತುಕೊಂಡ. ಹೆತ್ತ ಮಗ, ಅಂಥ ಕಣ್ಣಲ್ಲಿ ನನ್ನನ್ನು ಎಂದೂ ನೋಡಿರಲಿಲ್ಲ.

"ಹೌದು, ನಾನೇ ಬಾಗಿಲು ಹಾಕ್ಕೊಂಡಿದ್ದು," ಎಂದೆ. "ಏನೀಗ?"

ಇನ್ನೇನು ಬೇಕಿತ್ತು ಅವರಿಗೆ. ಗಂಡನ ಮೈಮೇಲೆ ಗಂಜಿ ಸುರಿದವಳು ಈ ಅಂಗಳದಲ್ಲಿರಬಾರದು, ಸೂರ್ಯ ಹುಟ್ಟಿದಮೇಲೆ ತವರಿಗೆ ಹೋಗಲಿ, ಅವಳ ಅಣ್ಣತಮ್ಮಂದಿರು ಮೇಕೆ ಹೊಡೆದುಕೊಂಡು ಬಂದು ತಪ್ಪೊಪ್ಪಿಕೊಂಡರೆ ಮುಂದಿನ ಮಾತು ಎಂದರು. ಸಕ್ವಾದಲ್ಲಿ ಈಗ ಯಾವ ಅಣ್ಣ, ಯಾವ ತಮ್ಮ? ಎಲ್ಲರೂ ಮಣ್ಣಾಗಿದ್ದಾರೆ. ಅದು ರಾಡಿಂಗ್‌ಗೂ ಗೊತ್ತಿತ್ತು. ಅವರು ಹೋದಮೇಲೆ ಇವರನ್ನು ಒಳಗೆ ಕರೆದುಕೊಂಡು ಹೋಗಿ ಬಟ್ಟೆ ಬಿಚ್ಚಿ, ಬಿಸಿನೀರಲ್ಲಿ ಒರೆಸಿದೆ. ಗಂಜಿ ಯಾವುದು, ಇನ್ನೊಂದು ಯಾವುದು ಎಂದು ಇಬ್ಬರೂ ನೋಡಲಿಲ್ಲ. ಅವರು ಮಕ್ಕಳ ಹಾಗೆ ಕೈ ಎತ್ತು ಎಂದರೆ ಎತ್ತುತ್ತಿದ್ದರು, ಕಾಲು ಎತ್ತು ಎಂದರೆ ಎತ್ತುತ್ತಿದ್ದರು. ನಾನು ನನ್ನ ಗಂಟು ಕಟ್ಟತೊಡಗಿದಾಗ ಮಾತ್ರ ಬಾಯಿಬಿಟ್ಟರು.

"ಅದನ್ನ ಬಿಚ್ಚಿಡು," ಎಂದರು. "ಬಾಗಿಲು ಹಾಕು."

ಏನು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ಅಮೊಲೊ ಎಂದೆ. ಅವರು ನನ್ನ ಗಂಟನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಬಾಗಿಲು ಹಾಕಿದೆ.

ಬೆಳಿಗ್ಗೆ ಇಬ್ಬರೂ ಹೊಲಕ್ಕೆ ಹೋದೆವು. ಅವರಿಗೆ ಬಗ್ಗಲಾಗದು, ಕೋಲಿನ ತುದಿಯಲ್ಲೇ ಮಣ್ಣು ಕೆದಕಿದರು, ನಾನು ಕಾಳು ಹಾಕಿ ಕಾಲಲ್ಲಿ ಮುಚ್ಚಿದೆ. ಸೊಸೆ ನೋಡಿ ಸಂತೋಷಕ್ಕೆ ಕೂಗು ಹಾಕಿದಳು. ಒಕುಮು ಎತ್ತು ಹೂಡಿದ. ರಾಡಿಂಗ್ ಬೇಲಿಯ ಹತ್ತಿರ ಬಂದು, ಒಂದು ಗದರಿಕೆಗೆ ಅತ್ತಿಗೆ ಹೇಗೆ ದಾರಿಗೆ ಬಂದರು ನೋಡಿ ಎಂದು ಎಲ್ಲರಿಗೂ ಕೇಳುವಂತೆ ನಕ್ಕ. ಕೈಯಲ್ಲಿ ಗುದ್ದಲಿ ಇರಲಿಲ್ಲ, ಅವನ ಪುಣ್ಯ. ಇವರು ಯಾರನ್ನೂ ನೋಡದೆ ಮನೆಯ ಕಡೆ ನಡೆದರು.

ಅಂದಿನಿಂದ ಇವರು ಅಮೊಲೊಳನ್ನು ತೊಡೆಯ ಮೇಲೆ ಹತ್ತಿಸಿಕೊಳ್ಳಲಿಲ್ಲ. ಅವಳು ಓಡಿಬಂದರೆ ಕೋಲು ಅಡ್ಡ ಹಿಡಿಯುವರು. ಮಗು ಮೊದಲು ಆಟ ಎಂದುಕೊಂಡಿತು, ಆಮೇಲೆ ಅತ್ತಿತು, ಆಮೇಲೆ ಬರುವುದನ್ನೇ ಬಿಟ್ಟಿತು. ಕಳೆ ಕೀಳುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಮಲೇರಿಯಾ, ಮಳೆಗಾಲದಲ್ಲಿ ಯಾವ ಮಗುವಿಗೆ ಬರುವುದಿಲ್ಲ ಹೇಳಿ. ಇವರು ಊಟ ಬಿಟ್ಟರು, ನೋವಿನ ಮಾತ್ರೆಯನ್ನೂ ಬಿಟ್ಟರು. ಮಗನ ಮನೆ ಬಾಗಿಲಾಚೆ ಕುರ್ಚಿ ಹಾಕಿಸಿಕೊಂಡು ಕೂತರು, ಒಳಗೆ ಹೋಗಲಿಲ್ಲ. ಮಗು ಗುಣವಾಗಿ ಎದ್ದು ಓಡಾಡಿತು. ಇವರು ಮಾತ್ರ ಆ ಭಯದಿಂದ ಏಳಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಎಲ್ಲಿ ಯಾವ ಮಗು ಕೆಮ್ಮಿದರೂ ನನ್ನ ಕಡೆ ತಿರುಗಿ ನೋಡುವರು. ನಾನು ಏನು ಹೇಳಲಿ? ಹಾಗೇನೂ ಆಗುವುದಿಲ್ಲ ಎಂದು ಹೇಳಬಹುದು. ಆದರೆ ನಾನೂ ಈ ಊರಿನ ಸೊಸೆಯೇ. ಕೆಮ್ಮು ಕೇಳಿದರೆ ನನ್ನ ಎದೆಯೂ ಧಸಕ್ಕೆನ್ನುತ್ತದೆ.

ಜೋಳ ಎದೆಯುದ್ದ ಬೆಳೆದಾಗ ಮತ್ತೆ ಆಸ್ಪತ್ರೆಗೆ ಹೋದೆವು. ಅದೇ ಚಹಾ, ಅದೇ ಬ್ರೆಡ್ಡು. ಕಿನ್ಯಾ ಒಬ್ಬೊಬ್ಬರ ಹತ್ತಿರವೂ ಬಂದು ಹೇಗಿದ್ದೀರಿ, ನೋವು ಎಲ್ಲಿದೆ, ನಿದ್ದೆ ಬರುತ್ತದೆಯೇ ಎಂದು ಕೇಳುತ್ತಾ ಬಂದಳು.

"ಮಿಡಿವೊ ತಾತ, ನಿಮಗೆ ಹೇಗಿದೆ?"

"ಮೊಮ್ಮಕ್ಕಳೆಲ್ಲ ಚೆನ್ನಾಗಿದ್ದಾರಮ್ಮ," ಎಂದರು ಇವರು.

ಅವಳು ನಕ್ಕಳು. "ಮೊಮ್ಮಕ್ಕಳಲ್ಲ ತಾತ, ನಿಮ್ಮನ್ನ ಕೇಳಿದ್ದು."

"ಬೆಳಿಗ್ಗೆ ಬರೋವರೆಗೂ ಚೆನ್ನಾಗಿದ್ರು," ಎಂದರು.

ಕಿನ್ಯಾ ನನ್ನ ಕಡೆ ನೋಡಿದಳು. ನಾನು ಅವಳು ಕಲಿಸಿದ ಹಾಗೆ ಇವರ ಕೈ ಹಿಡಿದುಕೊಂಡೆ. ಅವಳಿಗೆ ಖುಷಿಯಾಯಿತು, ಬೆನ್ನು ತಟ್ಟಿ ಮುಂದೆ ಹೋದಳು.

ಎದುರಿಗೆ ಯಾಲಾ ಕಡೆಯ ಬಿಳಿಗಡ್ಡದ ಮುದುಕ ಕೂತಿದ್ದ. ಅವನು ಲೋಟದಿಂದ ತಲೆ ಎತ್ತಿ ಇವರನ್ನೇ ನೋಡುತ್ತಿದ್ದ.

"ನಿಮ್ಮನೇಲೂ ಬಿತ್ತಿದ್ರಾ?" ಎಂದು ಮೆಲ್ಲಗೆ ಕೇಳಿದ.

ಇವರು ಹೂಂ ಎಂದರು. ನಿಮ್ಮಲ್ಲಿ ಮಕ್ಕಳು ಹೇಗಿದ್ದಾರೆ ಎಂದು ತಿರುಗಿ ಕೇಳಿದರು. ಮುದುಕ ತಲೆ ತಗ್ಗಿಸಿ ಚಹಾ ನೋಡತೊಡಗಿದ. ನನ್ನ ಕೈಯೊಳಗಿದ್ದ ಇವರ ಕೈ ತಣ್ಣಗಾಯಿತು.