ಸೆಪ್ಟೆಂಬರಿನ ಹತ್ತು ತಿರುವು

ಸ್ಕೀ ಕೋಲು ಹಿಡಿಯವರೆಗೂ ಹಿಮದೊಳಗೆ ಇಳಿದುಹೋಗಿ ತುದಿಗೆ ಏನೂ ತಗುಲದಿದ್ದಾಗ ವೆಂಡೆಲ್‌ಗೆ ಮೊದಲು ಆದದ್ದು ಭಯವಲ್ಲ, ಸಂಕೋಚ. ಪಕ್ಕದ ಮನೆಯ ಗೋಡೆಗೆ ತೂತು ಕೊರೆದವನ ಹಾಗೆ ಕೋಲನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡ. ತೂತಿನಿಂದ ತಣ್ಣನೆಯ ಗಾಳಿ ಬಂತು, ಅದರ ಬೆನ್ನಿಗೇ ನೀರು ಹರಿಯುವ ಸದ್ದು.

ಅವನು ನಿಂತಿದ್ದ ಅಂಚಿನಲ್ಲಿ ಹಿಮದ ಕೆಳಗೆ ಬಂಡೆಯಿತ್ತು. ಒಂದು ಮಾರು ಆಚೆಗೆ, ಹಿಮದ ಪಟ್ಟಿಯ ನಡುವಿನಲ್ಲಿ, ಏನೂ ಇರಲಿಲ್ಲ. ಬೇಸಿಗೆಯುದ್ದಕ್ಕೂ ತೊರೆಯೊಂದು ಒಳಗಿಂದ ತಿನ್ನುತ್ತ ಬಂದು, ಮೇಲೆ ಬರೀ ಕಮಾನನ್ನು ಉಳಿಸಿತ್ತು. ಆ ಕಮಾನಿನ ಮೇಲೆಯೇ ಡಾಗ್ನಿ ಇಳಿಯಬೇಕಿತ್ತು. ಅವಳು ಒಂದು ಕೂಗಳತೆಯ ಮೇಲೆ, ಪಟ್ಟಿಯ ನೆತ್ತಿಯಲ್ಲಿ ಸ್ಕೀ ಕಟ್ಟಿಕೊಂಡು ನಿಂತಿದ್ದಳು.

ಚಳಿಗಾಲದಲ್ಲಿ ಯಾರು ಬೇಕಾದರೂ ಸ್ಕೀ ಮಾಡಿಯಾರು. ಈ ಕ್ಯಾಸ್ಕೇಡ್ ಬೆಟ್ಟಗಳ ಕಡೆ ಮನುಷ್ಯರ ಯೋಗ್ಯತೆ ಅಳೆಯುವುದು ಸೆಪ್ಟೆಂಬರಿನಲ್ಲಿ. ಹಳೆಯ ಹಿಮ ಕರಗಿ ಚಿಂದಿಯಾಗಿರುತ್ತದೆ, ಹೊಸದು ಬಿದ್ದಿರುವುದಿಲ್ಲ. ಆಗ ನಾಲ್ಕು ಗಂಟೆ ಸ್ಕೀ ಹೊತ್ತು ಬೆಟ್ಟ ಹತ್ತಿ, ನಾಲ್ಕು ನಿಮಿಷ ಜಾರಿ, ಮತ್ತೆ ಹೊತ್ತುಕೊಂಡು ಇಳಿಯುವವರನ್ನು ಇಲ್ಲಿ ಹುಚ್ಚರೆನ್ನುವುದಿಲ್ಲ, ಗೌರವದಿಂದ ನೋಡುತ್ತಾರೆ. ಡಾಗ್ನಿ, ಲೂಪೆ, ವೆಂಡೆಲ್ ಮೂವರೂ ಒಂದು ತಿಂಗಳೂ ತಪ್ಪದೆ ಇದನ್ನು ಮಾಡುತ್ತ ಬಂದಿದ್ದರು. ಈ ತಿಂಗಳಿಗೆ ನೂರ ನಲವತ್ತನಾಲ್ಕು, ಸರಿಯಾಗಿ ಹನ್ನೆರಡು ವರ್ಷ. ನಿಯಮಗಳನ್ನು ಹೋಟೆಲೊಂದರ ಕಾಗದದ ಕರವಸ್ತ್ರದ ಮೇಲೆ ಬರೆದವಳು ಡಾಗ್ನಿ. ಒಂದೇ ಇಳಿತದಲ್ಲಿ ಎಡಕ್ಕೂ ಬಲಕ್ಕೂ ಹೊರಳುತ್ತ ಕನಿಷ್ಠ ಹತ್ತು ತಿರುವು. ಜೊತೆಯಾಗಿ ಹೋಗದಿದ್ದರೂ ಸರಿ, ತಿಂಗಳೊಳಗೆ ಮೂವರೂ ಮುಗಿಸಬೇಕು. ಒಬ್ಬರು ತಪ್ಪಿದರೆ ಮೂವರದೂ ಸೊನ್ನೆ.

ಇವತ್ತು ಮೂವತ್ತನೇ ತಾರೀಖು. ತಮಗೆ ಗೊತ್ತಿದ್ದ ಹಿಮದ ತಾಣಗಳಲ್ಲಿ ಈ ವರ್ಷ ಉಳಿದದ್ದು ‘ಕಂಬಳಿ’ ಎಂದು ಅವರೇ ಹೆಸರಿಟ್ಟ ಇದೊಂದೇ. ಕೆಳಗಿನ ಗಟ್ಟಿ ಭಾಗದಲ್ಲಿ ಜಾಗವನ್ನು ಎಷ್ಟು ಜಿಪುಣತನದಿಂದ ಬಳಸಿದರೂ ಆರೇ ತಿರುವು. ಹತ್ತಾಗಬೇಕಾದರೆ ಕಮಾನನ್ನು ದಾಟಲೇಬೇಕು; ಮೊದಲ ಸರದಿ ಡಾಗ್ನಿಯದು.

ಒಳಗೆಲ್ಲ ಟೊಳ್ಳು ಎಂದು ವೆಂಡೆಲ್ ಕೂಗಿ ಹೇಳಿದ. ಡಾಗ್ನಿ ಅಲ್ಲಿಂದಲೇ ಪಾಠ ಮಾಡಿದಳು. ಸೆಪ್ಟೆಂಬರಿನಲ್ಲಿ ಕಂಬಳಿ ಯಾವತ್ತೂ ಹೀಗೇ ಸದ್ದು ಮಾಡುತ್ತದೆ. ಅಗಲ ಇಷ್ಟು, ದಪ್ಪ ಇಷ್ಟು, ತನ್ನ ತೂಕ ಇಷ್ಟು. ತಾನು ಮೂವತ್ತು ವರ್ಷ ಜಿಲ್ಲೆಯ ಸೇತುವೆಗಳನ್ನು ಪರೀಕ್ಷಿಸಿ ಸಂಬಳ ತಗೊಂಡವಳು. ಅದು ನಿಜವೇ. ಊರವರ ಸೇತುವೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಓಡಾಟ ನಿಲ್ಲಿಸುತ್ತಿದ್ದವಳು, ತನಗೆ ಬೇಕಾದ ಸೇತುವೆಯ ವಿಷಯಕ್ಕೆ ಉದಾರಿಯಾಗಿದ್ದಳು.

ಉದಾರತೆಗೆ ಕಾರಣವಿತ್ತು. ಬರುವ ಗುರುವಾರ ಅವಳ ಮೊಣಕಾಲು ಬದಲಾಯಿಸುವ ಶಸ್ತ್ರಚಿಕಿತ್ಸೆ. ಆಮೇಲೆ ಅರ್ಧ ವರ್ಷ ಸ್ಕೀ ಇಲ್ಲ. ಲೆಕ್ಕ ಹೇಗೂ ನಿಲ್ಲುವಂಥದ್ದು; ತುಂಬಿದ ಹನ್ನೆರಡಕ್ಕೆ ನಿಲ್ಲಲಿ ಎಂಬುದೊಂದೇ ಅವಳ ಆಸೆ.

ವೆಂಡೆಲ್ ಪಕ್ಕದಲ್ಲಿದ್ದ ಲೂಪೆಯನ್ನು ನೋಡಿದ. ಪಶುವೈದ್ಯರ ಹತ್ತಿರ ಕೆಲಸ ಮಾಡುವ ಲೂಪೆ, ಕಚ್ಚುವ ನಾಯಿಯನ್ನು ನೋಡುವ ಹಾಗೆ ಹಿಮವನ್ನೇ ನೋಡುತ್ತಿದ್ದಳು. ಬೇಡ ಎಂದು ಅವಳೂ ಎರಡು ಸಲ ಹೇಳಿಯಾಗಿತ್ತು.

ಡಾಗ್ನಿಯನ್ನು ನಿಲ್ಲಿಸುವಂಥ ಮಾತು ಒಂದೇ ಇತ್ತು. ಅದು ವೆಂಡೆಲ್‌ನ ಹೊಟ್ಟೆಯಲ್ಲಿ ಒಂದು ತಿಂಗಳಿಂದ ಕೊಳೆಯುತ್ತಿತ್ತು.

“ಡಾಗ್ನಿ, ಇಳೀಬೇಡ. ಲೆಕ್ಕ ಆಗ್ಲೇ ಮುರಿದಿದೆ. ಆಗಸ್ಟಲ್ಲಿ ನಾನು ಸ್ಕೀ ಮಾಡ್ಲಿಲ್ಲ.”

ಬಂಡೆಗಳ ನಡುವೆ ಎಲ್ಲೋ ಒಂದು ಮಾರ್ಮಟ್, ಬೆಟ್ಟದ ದಪ್ಪ ಅಳಿಲು, ಸಿಳ್ಳೆ ಹಾಕಿ ಸುಮ್ಮನಾಯಿತು.

“ಸುಳ್ಳು ಹೇಳ್ಬೇಡ್ವೋ,” ಎಂದಳು ಡಾಗ್ನಿ. “ಫೋಟೋ ಕಳಿಸಿದ್ಯಲ್ಲ.”

“ಅದು ಹೋದ ವರ್ಷದ್ದು.”

“ನನ್ನನ್ನ ಕೆಳಗಿಳಿಸೋಕೆ ಕಥೆ ಕಟ್ತಿದೀಯ. ಅದೂ ಎಂಥ ಸಪ್ಪೆ ಕಥೆ.”

ನಕಲು ಹೊಡೆದ ಹುಡುಗರಿಗೆ ಇಪ್ಪತ್ತು ವರ್ಷಗಳಿಂದ ಸೊನ್ನೆ ಕೊಡುತ್ತ ಬಂದ ಮೇಷ್ಟ್ರು ವೆಂಡೆಲ್. ತಪ್ಪೊಪ್ಪಿಕೊಂಡರೆ ಡಾಗ್ನಿ ಬೈಯಬಹುದು, ಮಾತು ಬಿಡಬಹುದು ಎಂದೆಲ್ಲ ಯೋಚಿಸಿ ನಿದ್ದೆಗೆಟ್ಟಿದ್ದ. ನಂಬುವುದೇ ಇಲ್ಲ ಎಂದು ಹೊಳೆದಿರಲಿಲ್ಲ. ಒಳ್ಳೆಯ ನೆವವಾದರೂ ಇದ್ದಿದ್ದರೆ ನಂಬಿಸಬಹುದಿತ್ತು. ಅವತ್ತು ಮಳೆಯಿರಲಿಲ್ಲ, ಕಾಡ್ಗಿಚ್ಚಿನ ಹೊಗೆಯೂ ಇರಲಿಲ್ಲ. ಬೆಟ್ಟದ ಬುಡದವರೆಗೆ ಹೋಗಿದ್ದ. ಕಾರಿನಿಂದ ಇಳಿಯಲು ಮನಸ್ಸಾಗಲಿಲ್ಲ. ಕೂತಲ್ಲೇ ಬುತ್ತಿ ತಿಂದು ಮನೆಗೆ ಬಂದಿದ್ದ. ಇದನ್ನು ಕೂಗಿ ಹೇಳಿದ. ಹೇಳಿದಷ್ಟೂ ಅದು ಕಟ್ಟುಕಥೆಯ ಹಾಗೆ ಕೇಳಿಸಿತು.

ಡಾಗ್ನಿ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿಕೊಂಡಳು. ಕೋಲುಗಳನ್ನು ಮುಂದಕ್ಕೂರಿದಳು. ಸ್ಕೀಗಳ ಮೂತಿ ಗೇಣುದ್ದ ಮುಂದೆ ಜಾರಿತು.

“ನಿಜ ಕಣೇ,” ಎಂದಳು ಲೂಪೆ. ಗಟ್ಟಿಯಾಗಿ ಹೇಳಲಿಲ್ಲ, ಆ ನಿಶ್ಶಬ್ದದಲ್ಲಿ ಅದರ ಅಗತ್ಯವಿರಲಿಲ್ಲ. “ಆ ಫೋಟೋದ ಮೂಲೇಲಿ ಪೆಪಿನೊ ಬಾಲ ಇದೆ.”

ಪೆಪಿನೊ ಲೂಪೆಯ ಕಂದು ನಾಯಿ. ಅದು ಸತ್ತದ್ದು ಈ ವರ್ಷದ ಮಾರ್ಚಿನಲ್ಲಿ. ಹಿತ್ತಲಲ್ಲಿ ಅದಕ್ಕೆ ಗುಂಡಿ ತೋಡಿದವಳು ಡಾಗ್ನಿಯೇ.

ಡಾಗ್ನಿ ಹಾಗೇ ನಿಂತಿದ್ದಳು, ಮೈಯೆಲ್ಲ ಇಳಿಜಾರಿನ ಕಡೆ ಬಾಗಿ. ಮೊಣಕಾಲು ನಡುಗುತ್ತಿದ್ದುದು ಕೆಳಗಿನಿಂದಲೂ ಕಾಣುತ್ತಿತ್ತು. ಆ ಕಾಲು ಈಗ ತಾನಾಗಿಯೇ ಸೋತು ಅವಳನ್ನು ಮುಂದಕ್ಕೆ ಚೆಲ್ಲಿಬಿಟ್ಟರೆ? ಆಮೇಲೆ ಅವಳು ಬಗ್ಗಿದಳು. ಒಂದು ಸ್ಕೀ ಕಳಚಿದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಇನ್ನೊಂದು.

ಪಕ್ಕದ ಬಂಡೆಗಳ ಮೇಲೆ ಇಳಿದು ಬರಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ವೆಂಡೆಲ್ ಎದುರು ಹತ್ತಿ ಹೋಗಿ ಕೈ ಚಾಚಿದ. ಅವಳು ಆ ಕೈಯನ್ನು ಮುಟ್ಟದೆ ದಾಟಿ ಹೋಗಿ ಲೂಪೆಯ ಕೈ ಹಿಡಿದಳು.

“ನಿಂಗೆ ಗೊತ್ತಿತ್ತಾ?”

“ಫೋಟೋ ಬಂದ ದಿನವೇ.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ಬಾಲ ನೋಡಿ ಖುಷಿಯಾಯ್ತು,” ಎಂದಳು ಲೂಪೆ. “ಇವನನ್ನ ಆಮೇಲೆ ವಿಚಾರಿಸ್ಕೊಳ್ಳೋಣ ಅಂದ್ಕೊಂಡೆ.”

ಮೂವರೂ ಕೆಂಪಡರಿದ ಹಕಲ್‌ಬೆರಿ ಗಿಡಗಳ ನಡುವೆ ಕೂತರು. ಹನ್ನೆರಡು ವರ್ಷದ ಲೆಕ್ಕ ತೀರಿಹೋಗಿ ಒಂದು ತಿಂಗಳಾಗಿತ್ತು. ಸುದ್ದಿ ಇವತ್ತು ತಲುಪಿತ್ತು, ಅಷ್ಟೆ. ವೆಂಡೆಲ್ ಕ್ಷಮಿಸು ಎಂದ. ಡಾಗ್ನಿಯ ಕಣ್ಣು ಕಮಾನಿನ ಮೇಲಿತ್ತು.

“ಒಂದು ಕಲ್ಲು ತಾ,” ಎಂದಳು.

ತಂದ. ಕಮಾನಿನ ಮೇಲಕ್ಕೆ ಉರುಳಿಸಿದರು. ಹಿಮ ಕುಸಿಯಲಿಲ್ಲ.

“ದೊಡ್ಡದು ತಾ.”

ಅದಕ್ಕೂ ಕುಸಿಯಲಿಲ್ಲ. ಏಳನೆಯ ಕಲ್ಲಿನ ಹೊತ್ತಿಗೆ ವೆಂಡೆಲ್‌ನ ಅಂಗೈ ಕಿತ್ತುಹೋಗಿತ್ತು. ಹಿಮ ಕರಗದಿರಲಿ ಎಂದು ಹನ್ನೆರಡು ವರ್ಷ ಹಾರೈಸಿದವನು ಈಗ, ಕುಸಿಯಪ್ಪಾ ಕುಸಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದ. ಹತ್ತನೆಯದನ್ನು ಅವನೂ ಲೂಪೆಯೂ ಬೆನ್ನು ಕೊಟ್ಟು ದೂಡಿದರು. ಅದು ಡಾಗ್ನಿಗಿಂತ ಭಾರವೇ ಇತ್ತು. ಉರುಳುತ್ತ ಹೋಗಿ ಕಮಾನಿನ ನಟ್ಟನಡುವೆ, ಮದುವೆಮನೆಯ ಹಿರಿಯರ ಹಾಗೆ ಕೂತುಬಿಟ್ಟಿತು. ಕೆಳಗೆ ನೀರು ಅದರ ಪಾಡಿಗೆ ಅದು ಹರಿಯುತ್ತಿತ್ತು.

ಡಾಗ್ನಿ ಕಲ್ಲಿನಿಂದ ಕಣ್ಣು ಕಿತ್ತು ವೆಂಡೆಲ್ ಕಡೆ ತಿರುಗಿದಳು.

“ಕಾರಲ್ಲಿ ಕೂತು ತಿಂದ್ಯಲ್ಲ, ಏನದು?”

“ಟರ್ಕಿ ಸ್ಯಾಂಡ್‌ವಿಚ್.”

“ಚೆನ್ನಾಗಿತ್ತಾ?”

ವೆಂಡೆಲ್ ಯೋಚಿಸಿದ. ಇನ್ನು ಸುಳ್ಳು ಹೇಳಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

“ತುಂಬಾ ಚೆನ್ನಾಗಿತ್ತು,” ಎಂದ.

ಡಾಗ್ನಿ ತಲೆಯಾಡಿಸಿದಳು. “ಇನ್ನೊಂದು ಕಲ್ಲು ತಾ,” ಎಂದಳು.