ಹದಿನಾಲ್ಕನೇ ತೋಟಕ್ಕೆ ಬಿದ್ದ ಮತ

ಊರಂಚಿನ ಜಾಗವನ್ನು ತುಂಡು ತುಂಡು ಮಾಡಿ ಸದಸ್ಯರಿಗೆ ಕೊಡುವ ನಮ್ಮ ತೋಟ ಸಂಘದಲ್ಲಿ ಬೇಲಿ ಎದೆಮಟ್ಟ ದಾಟಿ ಬೆಳೆಯುವಂತಿಲ್ಲ. ಜಾಗದ ಮೂರರಲ್ಲೊಂದು ಪಾಲು ತರಕಾರಿ, ಹಣ್ಣು ಇರಲೇಬೇಕು. ಬರೀ ಹುಲ್ಲು ಬೆಳೆಸಿ ಕುರ್ಚಿ ಹಾಕಿಕೊಂಡು ಕೂತರೆ ನೋಟಿಸು ಬರುತ್ತದೆ. ಮಧ್ಯಾಹ್ನ ಎಲ್ಲರೂ ಕಣ್ಣು ಮುಚ್ಚುವ ಹೊತ್ತಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದವರ ಮಾನ ಸಂಜೆಯೊಳಗೆ ಹರಾಜಾಗುತ್ತದೆ. ಇಷ್ಟೆಲ್ಲ ಕಟ್ಟಳೆ ಇರುವ ಕಡೆ ಬಾಯಿಗೆ ಮಾತ್ರ ಯಾರೂ ಅಳತೆ ಇಟ್ಟಿಲ್ಲ.

ಸಂಘದ ಅಧ್ಯಕ್ಷ ಜೀಗ್‌ಮಾರ್. ನಾನೂ ಅವನೂ ಒಂದೇ ನೂಲಿನ ಗಿರಣಿಯಲ್ಲಿ ದುಡಿದವರು. ಬರ್ಲಿನ್ ಗೋಡೆ ಬಿದ್ದು, ಪೂರ್ವದ ನಮ್ಮ ಕಮ್ಯುನಿಸ್ಟ್ ಸರ್ಕಾರ ಹೋಗಿ ಎರಡು ಜರ್ಮನಿ ಒಂದಾದ ಮೇಲೆ ಗಿರಣಿ ಮುಚ್ಚಿತು, ಇಬ್ಬರೂ ಒಟ್ಟಿಗೆ ಬೀದಿಗೆ ಬಿದ್ದೆವು. ನನ್ನ ಗಂಡ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನೂ ಅವನೇ. ಅವನ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಒಂದು ಬೇಲಿ, ಆ ಬೇಲಿಯ ಮೇಲೆ ದಿನಕ್ಕೊಂದು ಜಗಳ. ಏಪ್ರಿಲ್‌ನ ಒಂದು ಬೆಳಿಗ್ಗೆ ಅವನು ಮೊಬೈಲು ಹಿಡಿದು ಅಲ್ಲಿಗೇ ಬಂದ.

"ರೋಸ್ವಿಥಾ, ಇದನ್ನ ನೋಡು. ನೋಡಿ ಆದ್ಮೇಲೆ ನಂಗೆ ಹುಚ್ಚು ಅನ್ನು."

ನೋಡಿದೆ. ರಾತ್ರಿಯ ವಾರ್ತೆಯ ಹಾಗೇ ಇತ್ತು. ಅದೇ ನೀಲಿ ಹಿನ್ನೆಲೆ, ದಿನಾ ನೋಡುವ ಅದೇ ಹೆಂಗಸು. ಬರುವ ಶರತ್ಕಾಲದಿಂದ ಊರೂರಿನ ತೋಟ ಸಂಘಗಳ ಜಾಗವನ್ನು ಯುದ್ಧದಿಂದ ಓಡಿಬಂದ ಉಕ್ರೇನಿನವರಿಗೆ ಹಂಚುತ್ತಾರಂತೆ, ದೊಡ್ಡ ತೋಟಗಳನ್ನು ಎರಡಾಗಿ ಸೀಳುತ್ತಾರಂತೆ, ಬರ್ಲಿನ್ನಿನಲ್ಲಿ ಕಾನೂನು ಗುಟ್ಟಾಗಿ ತಯಾರಾಗಿ ಕೂತಿದೆಯಂತೆ.

ಅನುಮಾನ ಎಂದರೆ ನನಗೆ ಹುಟ್ಟುಗುಣ. "ಇದು ಯಾವತ್ತಿನ ವಾರ್ತೆ? ನಾನು ದಿನಾ ನೋಡ್ತೀನಿ. ನಂಗೆ ಕಾಣಿಸ್ಲೇ ಇಲ್ವಲ್ಲ" ಎಂದೆ.

"ಹೇಗೆ ಕಾಣಿಸುತ್ತೆ? ಒಂದ್ಸಲ ಹಾಕಿ ತೆಗೆದುಬಿಟ್ರು. ಯಾಕೆ ತೆಗೆದ್ರು? ನಿಜ ಇದ್ದಿದ್ದಕ್ಕೇ ತೆಗೆದ್ರು!"

"ಅವಳ ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗ್ತಿದೆ ಕಣೋ."

"ನಿನ್ನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸ್ಕೋ ಅಂತ ಎರಡು ವರ್ಷದಿಂದ ಹೇಳ್ತಿದೀನಿ."

ನಾನು ನಕ್ಕೆ, ಅವನು ನಗಲಿಲ್ಲ. ಅವನ ನೋಟ ನನ್ನ ಭುಜ ದಾಟಿ ಹದಿನಾಲ್ಕನೇ ತೋಟದ ಕಡೆ ಹೋಯಿತು. ಅಲ್ಲಿ ಹಲೀನಾ ಮೊಣಕಾಲೂರಿ ಬೀಟ್‌ರೂಟಿನ ಬೀಜ ಹಾಕುತ್ತಿದ್ದಳು.

ಹಲೀನಾ ಉಕ್ರೇನಿನ ಹಾರ್ಕಿವ್ ಊರಿನವಳು. ಗಂಡ ಅಲ್ಲೇ ಸೈನ್ಯದಲ್ಲಿದ್ದಾನೆ. ಇಲ್ಲಿ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸ ಮಾಡಿಕೊಂಡು ಅತ್ತೆಯನ್ನು ಸಾಕುತ್ತಾಳೆ. ಆ ಮುದುಕಿಗೆ ನಮ್ಮ ಭಾಷೆ ಬರುವುದಿಲ್ಲ, ನಾಲ್ಕು ಗೋಡೆಯ ನಡುವೆ ಕೂತು ಅಳುತ್ತಿದ್ದವರು ತೋಟಕ್ಕೆ ಬಂದ ಮೇಲೇ ಅಳು ನಿಲ್ಲಿಸಿದ್ದು. ತೋಟದ ಹಳೇ ಯಜಮಾನ ಸತ್ತಾಗ ಅದನ್ನು ಹಲೀನಾಳಿಗೆ ಒಂದು ವರ್ಷದ ಪರೀಕ್ಷೆಯ ಮೇಲೆ ಕೊಟ್ಟಿದ್ದೆವು. ಮೇ ತಿಂಗಳ ಸಭೆಯಲ್ಲಿ ಸದಸ್ಯರು ಒಪ್ಪಿದರೆ ಅವಳದು, ಇಲ್ಲದಿದ್ದರೆ ಕೀಲಿ ವಾಪಸ್. ಕೊಡುವಾಗ ಯಾರೂ ಉಸಿರೆತ್ತಿರಲಿಲ್ಲ. ಮುಳ್ಳು ಕಂಟಿ ತುಂಬಿದ್ದ ಆ ಜಾಗ ಆಗ ಯಾರಿಗೂ ಬೇಕಾಗಿರಲಿಲ್ಲ.

ವಾರದೊಳಗೆ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಆಮೇಲೆ ಜಿಲ್ಲಾ ಪತ್ರಿಕೆ ಬರೆಯಿತು: ವಿಡಿಯೋ ನಕಲಿ, ಯುದ್ಧ ಹೂಡಿದ ದೇಶದಲ್ಲೇ ತಯಾರಾದದ್ದು, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇಂಥವು ರಾಶಿ ರಾಶಿ ಬರುತ್ತಿವೆ, ನಮ್ಮನಮ್ಮಲ್ಲೇ ಕಚ್ಚಾಡಿಸಿ ಉಕ್ರೇನಿಗೆ ಹೋಗುವ ಸಹಾಯ ನಿಲ್ಲಿಸುವುದೇ ಇದರ ಗುರಿ. ನಾನು ಪತ್ರಿಕೆ ಹಿಡಿದುಕೊಂಡು ಬೇಲಿ ಹತ್ತಿರ ಓಡಿದೆ.

ಜೀಗ್‌ಮಾರ್ ಓದಿದ. ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. "ಈಗ ಖಾತ್ರಿ ಆಯ್ತು ನೋಡು" ಎಂದ.

"ಏನು ಖಾತ್ರಿ?"

"ಪತ್ರಿಕೆ ಸುಳ್ಳು ಅಂತಿದೆ ಅಂದ್ರೆ ಅದು ನಿಜಾನೇ. ಯಾಕೆ, ಗೋಡೆ ಬೀಳೋಕೆ ಮುಂಚೆ ನೀನೂ ನಾನೂ ಪತ್ರಿಕೆ ಹೇಗೆ ಓದ್ತಿದ್ವಿ, ಮರೆತುಹೋಯ್ತಾ?"

ಮರೆಯುವುದುಂಟೆ? ಕಾಫಿಯ ಪೂರೈಕೆ ತೃಪ್ತಿಕರ ಎಂದು ಪತ್ರಿಕೆ ಬರೆದ ದಿನ ನಾವು ಗಿರಣಿ ಬಿಟ್ಟು ಅಂಗಡಿಗೆ ಓಡುತ್ತಿದ್ದೆವು, ಕಾಫಿ ಮುಗಿಯುವ ಮೊದಲು ಎರಡು ಪೊಟ್ಟಣ ಹಿಡಿಯೋಣವೆಂದು. ಯಾವುದು ಪತ್ರಿಕೆಯಲ್ಲಿಲ್ಲವೋ ಅದೇ ನಡೆದಿರುತ್ತಿತ್ತು. ಹೀಗೆ ಓದುವುದನ್ನು ನಮ್ಮ ಅಪ್ಪಂದಿರು ನಮಗೆ ಕಲಿಸಿದ್ದರು, ನಾವು ಮಕ್ಕಳಿಗೆ ಕಲಿಸಿದ್ದೆವು, ನಮ್ಮನ್ನು ಯಾರೂ ಯಾಮಾರಿಸಲಾರರು ಎಂದು ಬೀಗಿದ್ದೆವು. ಈಗ ಯಾರೋ ದೂರದಲ್ಲಿ ಕೂತವರು ನಮ್ಮ ಆ ಜಾಣತನವನ್ನೇ ಹಿಡಿಕೆ ಮಾಡಿಕೊಂಡು ನಮ್ಮನ್ನು ತಿರುಗಿಸುತ್ತಿದ್ದಾರೆ ಎಂದು ನನಗೆ ಅನಿಸಿತು, ಕೋಪವೂ ಬಂತು.

"ಪತ್ರಿಕೇನ ನಂಬಬೇಡ, ಸರಿ. ಮೊಬೈಲಿಗೆ ಬಂದಿದ್ದನ್ನ ಯಾಕೋ ನಂಬ್ತೀಯ? ಅದೇನು ನಿನ್ನ ಸೋದರಮಾವ ಕಳಿಸಿದ್ನಾ?"

"ಅದನ್ನ ಮುಚ್ಚಿಡಕ್ಕೆ ನೋಡ್ತಿದಾರೆ ಅಂತ ನಂಬ್ತೀನಿ ಕಣೇ. ಸಾಕಲ್ಲ?"

ಅವನ ಜೊತೆ ವಾದ ಮಾಡಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ನಾನೇನು ಸಾಚಾ ಎಂದು ಹೇಳಿಕೊಳ್ಳುವುದಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹಲೀನಾ ದಾರಿಯಲ್ಲಿ ಮೆಲ್ಲಗೆ ನಡೆಯುತ್ತ ಒಂದೊಂದೇ ತೋಟದ ಫೋಟೋ ತೆಗೆಯುವುದನ್ನು ಕಂಡೆ. ಜೀಗ್‌ಮಾರ್‌ದು, ನನ್ನದು, ಆಚೆ ಬದಿಯದು. ವಿಡಿಯೋ ನಕಲಿ ಎಂದು ಊರಿಗೆಲ್ಲ ಸಾರುತ್ತಿದ್ದ ನನಗೇ ಅನುಮಾನ ಹೊಕ್ಕಿತು. ಯಾರಿಗೆ ಕಳಿಸುತ್ತಾಳೆ? ಯಾವ ತೋಟ ದೊಡ್ಡದು ಎಂದು ಲೆಕ್ಕ ಹಾಕುತ್ತಿದ್ದಾಳೆಯೆ? ಗಿಡದ ಮರೆಯಿಂದ ದಡಕ್ಕನೆ ಎದ್ದು ಕೇಳಿಯೇಬಿಟ್ಟೆ. "ಏನಮ್ಮಾ ಅದು, ಕಳ್ಳಬೆಕ್ಕಿನ ಹಾಗೆ?"

ಅವಳು ಬೆಚ್ಚಿ ಮೊಬೈಲನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ತಾನೇ ನನ್ನ ಮುಂದೆ ಹಿಡಿದಳು. "ಮೂರರಲ್ಲೊಂದು ಪಾಲು ಅಂತಾರಲ್ಲ, ರೋಸ್ವಿಥಾ. ಸ್ಟ್ರಾಬೆರಿ ಅದಕ್ಕೆ ಸೇರುತ್ತಾ? ಸೂರ್ಯಕಾಂತಿ ಸೇರುತ್ತಾ? ಯಾರನ್ನ ಕೇಳಿದ್ರೂ ಒಂದೊಂದು ಹೇಳ್ತಾರೆ. ಅದಕ್ಕೇ ನಿಮ್ಮೆಲ್ಲರದೂ ನೋಡಿ ಅಳತೆ ಮಾಡ್ತಿದ್ದೆ. ಸಭೇಲಿ ತಪ್ಪು ಹುಡುಕಿದ್ರೆ ಅತ್ತೆಗೆ ಏನು ಹೇಳಲಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸ್ಟ್ರಾಬೆರಿ ಸೇರುತ್ತದೆ, ಸೂರ್ಯಕಾಂತಿ ಬಗ್ಗೆ ಜೀಗ್‌ಮಾರ್ ಜಗಳ ತೆಗೆಯುತ್ತಾನೆ, ಎರಡು ಸಾಲು ಕಿತ್ತು ಬೀನ್ಸ್ ಹಾಕು ಎಂದೆ. ಅವಳು ಅವತ್ತೇ ಕಿತ್ತಳು.

ಮೇ ತಿಂಗಳ ಸಭೆಗೆ ಎಂದೂ ಬರದವರೂ ಬಂದರು. ಸಂಘದ ಮನೆಯಲ್ಲಿ ಕುರ್ಚಿ ಸಾಲದೆ ಬಿಯರಿನ ಪೆಟ್ಟಿಗೆಗಳ ಮೇಲೆ ಕೂತರು. ಮೂಲೆಯ ಮೇಜಿನ ಮೇಲೆ ಆಲೂಗಡ್ಡೆ ಸಲಾಡ್, ಸಾಸೇಜು ಕಾಯುತ್ತಿದ್ದವು. ಮತದಾನ ಮುಗಿಯುವವರೆಗೆ ಮುಟ್ಟುವಂತಿಲ್ಲ. ಮೊದಲ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಸಿಲ್ವಿಯೋ ಕೂತಿದ್ದ. ಅಪ್ಪನ ತೋಟ ಅವನ ಹೆಸರಿಗಿದೆ, ಕಳೆ ಅವನ ಮೊಣಕಾಲು ಮುಟ್ಟುತ್ತದೆ. ಜೂನ್‌ನ ಪಟ್ಟಣ ಸಭೆ ಚುನಾವಣೆಗೆ ನಿಂತ ಮೇಲೆ ಇದ್ದಕ್ಕಿದ್ದಂತೆ ತೋಟಗಳ ಮೇಲೆ ಪ್ರೀತಿ ಉಕ್ಕಿತ್ತು.

ಅವನು ಎದ್ದ. "ಆ ವಿಡಿಯೋ ನಿಜ ಅಂತ ನಾನು ಹೇಳಲ್ಲ. ಸುಳ್ಳು ಅಂತಾನೂ ಹೇಳಲ್ಲ. ನಾನು ಕೇಳೋದು ಇಷ್ಟೇ, ಜನ ಅದನ್ನ ಯಾಕೆ ನಂಬ್ತಿದಾರೆ? ಜನರ ಮನಸ್ಸಲ್ಲಿ ಭಯ ಇದೆ. ಆ ಭಯದ ಬಗ್ಗೆ ಮಾತಾಡೋದು ತಪ್ಪಾ?"

ಚಪ್ಪಾಳೆ ಬಿತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಏನಪ್ಪಾ ಸಿಲ್ವಿಯೋ" ಎಂದೆ, ಕೂತಲ್ಲಿಂದಲೇ. "ನಿನ್ನ ತೋಟದ ಕಳೇಲಿ ಹೆಣ ಹೂತಿದೆ ಅಂತ ನಾಳೆ ನಾನೊಂದು ಸುದ್ದಿ ಹಬ್ಬಿಸ್ತೀನಿ. ಹೂತಿದೆಯೋ ಇಲ್ವೋ ನಂಗೆ ಗೊತ್ತಿಲ್ಲ. ಆದ್ರೆ ಜನ ಯಾಕೆ ನಂಬ್ತಾರೆ ಅಂತ ಮಾತಾಡೋಣ, ಬರ್ತೀಯಾ?"

ಎಲ್ಲರೂ ನಕ್ಕರು. ಸಿಲ್ವಿಯೋ ಕೂಡ ನಕ್ಕ. ಅವನು ನಗುವುದನ್ನು ಎಲ್ಲೋ ಕಲಿತು ಬಂದಿದ್ದಾನೆ. ಆದರೆ ನಗುವಿನ ಕೊನೆಗೆ ಹಿಂದಿನಿಂದ ಯಾರೋ "ಹೆಣ ಇದ್ರೂ ಇರಬಹುದು, ಅಷ್ಟು ಎತ್ತರದ ಕಳೆ" ಎಂದರು, ನಾಲ್ಕೈದು ಜನ ನಿಜವಾಗಿಯೂ ತಲೆಯಾಡಿಸಿದರು. ಅದನ್ನು ನೋಡಿ ನನಗೆ ಭಯವಾಯಿತು.

ಜೀಗ್‌ಮಾರ್ ಮೇಜು ಕುಟ್ಟಿದ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು: ಅಧ್ಯಕ್ಷನ ಕುರ್ಚಿಯಲ್ಲಿ ಕೂತಾಗ ಅವನು ಸುಳ್ಳು ಹೇಳುವವನಲ್ಲ. "ನಾನು ಮೇಲಿನ ಒಕ್ಕೂಟಕ್ಕೆ ಫೋನ್ ಮಾಡಿ ವಿಚಾರಿಸಿದೀನಿ. ಅಂಥ ಕಾನೂನು ಇಲ್ಲ. ಆಯ್ತಾ? ವಿಡಿಯೋ ಸುಳ್ಳು" ಎಂದ.

ನಾನು ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದ. "ವಿಡಿಯೋ ಸುಳ್ಳು, ಆದ್ರೆ ವಿಷಯ ಇದೆಯಲ್ಲ? ಸರದಿ ಪಟ್ಟಿಲಿ ನಮ್ಮೂರಿನ ಮೂರು ಮನೆಯವರು ಕಾಯ್ತಿದಾರೆ."

"ಕೊಡುವಾಗ ಪಟ್ಟಿಲಿ ಯಾರೂ ಇರ್ಲಿಲ್ಲ! ಈ ವಿಡಿಯೋ ಬಂದ್ಮೇಲೆ ಸೇರ್ಕೊಂಡಿದ್ದು ಅವರು!"

"ಯಾವಾಗ ಸೇರಿದ್ರೋ, ಈಗಂತೂ ಇದಾರಲ್ಲ?"

ಅಳಿಯ ಅಲ್ಲ, ಮಗಳ ಗಂಡ. ಸುಳ್ಳನ್ನು ಮುಂಬಾಗಿಲಿನಿಂದ ಹೊರಗೆ ಹಾಕಿ, ಅದು ತಂದಿದ್ದ ಗಂಟುಮೂಟೆಯನ್ನು ಮಾತ್ರ ಒಳಗಿಟ್ಟುಕೊಂಡು ನಾವು ಒಂದು ಗಂಟೆ ಚರ್ಚೆ ಮಾಡಿದೆವು. ಯಾರೂ ಕೆಟ್ಟ ಮಾತಾಡಲಿಲ್ಲ. ಹಲೀನಾ ಒಳ್ಳೆಯವಳು, ಕಷ್ಟಪಡುತ್ತಾಳೆ, ಬೀಟ್‌ರೂಟು ಚೆನ್ನಾಗಿದೆ, ಆದರೆ. ಎಲ್ಲರ ಮಾತೂ ಆ "ಆದರೆ" ಹತ್ತಿರ ಬಂದು ನಿಲ್ಲುತ್ತಿತ್ತು. ಸಾಲು ಸಾಲಾಗಿ ಕೂತ ಪರಿಚಿತ ಮುಖಗಳನ್ನು ನೋಡಿದೆ. ನಲವತ್ತು ವರ್ಷದಿಂದ ಸಸಿ ಕೊಟ್ಟು ತೆಗೆದುಕೊಂಡವರು, ಯಾರ ಮನಸ್ಸಿನಲ್ಲಿ ಏನಿದೆ ಎಂದು ಹೇಳಲಾರದೆ ಹೋದೆ.

ಕೈ ಎತ್ತುವುದು ನಮ್ಮ ಪದ್ಧತಿ. ಅವತ್ತು ಸಿಲ್ವಿಯೋ ಗುಪ್ತ ಮತದಾನ ಬೇಕೆಂದ. "ನೆರೆಹೊರೆಯವರ ನಡುವೆ ಮನಸ್ತಾಪ ಬೇಡ" ಎಂದ, ದೊಡ್ಡ ಮನುಷ್ಯನ ಹಾಗೆ. ಒಪ್ಪಿದರು. ಅಲ್ಲಿಯವರೆಗೆ ಬಾಗಿಲ ಬಳಿ ಕೂತು ಎಲ್ಲ ಕೇಳುತ್ತಿದ್ದ ಹಲೀನಾ ಎದ್ದು ಹೊರಗೆ ಆಕ್ರೋಟು ಮರದ ಕೆಳಗೆ ಹೋಗಿ ಕೂತಳು. ನಾನು ಚೀಟಿಯಲ್ಲಿ "ಇರಲಿ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಮಡಚಿ, ಬುಟ್ಟಿಗೆ ಹಾಕಿದೆ. ಅದು ಸತ್ಯ. ಓದುವ ನಿಮಗೆ ಗೊತ್ತು, ನನಗೆ ಗೊತ್ತು, ಮೂರನೆಯವರಿಗೆ ಗೊತ್ತಾಗುವ ದಾರಿ ಇಲ್ಲ.

ಪರವಾಗಿ ಇಪ್ಪತ್ತೆರಡು, ವಿರುದ್ಧ ಹದಿನೆಂಟು. ತೋಟ ಹಲೀನಾಳದಾಯಿತು. ಒಳಗೆ ಕರೆದಾಗ ಅವಳು ಅಳಲಿಲ್ಲ, ಎಲ್ಲರ ಕಡೆಗೊಮ್ಮೆ ಕಣ್ಣು ಹಾಯಿಸಿ ವಂದನೆ ಹೇಳಿದಳು. ಮೊದಲು ಓಡಿಹೋಗಿ ಕೈ ಕುಲುಕಿ ಫೋಟೋ ತೆಗೆಸಿಕೊಂಡವನು ಸಿಲ್ವಿಯೋ. ಜೀಗ್‌ಮಾರ್ ಅವಳ ತಟ್ಟೆಗೆ ಎರಡು ಸಾಸೇಜು ಹಾಕಿದ. ಎಲ್ಲರ ಮುಖದಲ್ಲೂ ಒಂದೇ ನಗು ಇತ್ತು, ನಾನು ಮಾತ್ರ ಸಲಾಡ್ ತಿನ್ನುತ್ತ ಹದಿನೆಂಟು ಜನರನ್ನು ಹುಡುಕುತ್ತಿದ್ದೆ. ಈ ಮೂಗು ಒರೆಸಿಕೊಳ್ಳುವವನೇ? ಅವಳ ಅತ್ತೆಗೆಂದು ಕೇಕಿನ ತುಂಡು ಕಟ್ಟಿಕೊಡುತ್ತಿರುವ ಇವಳೇ?

ಮಾರನೇ ದಿನ ಭಾನುವಾರ. ನಾನು ತೋಟದ ಹುಳಿ ದಂಟು ರೂಬಾರ್ಬ್ ಹಾಕಿ ಕೇಕು ಮಾಡಿಕೊಂಡು ಸಂಜೆ ಹದಿನಾಲ್ಕನೇ ತೋಟಕ್ಕೆ ಹೋದೆ. ಅತ್ತೆ ಬೆಂಚಿನ ಮೇಲೆ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದರು. ಮೇಜಿನ ಮೇಲೆ ಆಗಲೇ ಬೇಕಾದಷ್ಟು ಕೇಕು, ಜಾಮ್ ಬಾಟಲಿ, ಟೊಮೆಟೊ ಸಸಿಗಳು ಇದ್ದವು. ಹಲೀನಾ ನನ್ನದನ್ನೂ ತೆಗೆದುಕೊಂಡು ಅವುಗಳ ಪಕ್ಕ ಇಟ್ಟಳು.

"ನಿಂಗೇ ಮತ ಹಾಕಿದೆ ಕಣಮ್ಮ" ಎಂದೆ. ಹೇಳಬಾರದಿತ್ತೇನೋ. ಆದರೆ ಮನಸ್ಸು ತಡೆಯಲಿಲ್ಲ, ಅವಳು ನನ್ನನ್ನು ಆ ಹದಿನೆಂಟರಲ್ಲಿ ಸೇರಿಸಿಬಿಟ್ಟಾಳು ಎಂದು ರಾತ್ರಿಯೆಲ್ಲ ಸಂಕಟಪಟ್ಟಿದ್ದೆ.

ಅವಳು ಚಾಕು ತಂದು ಕೇಕು ಕತ್ತರಿಸತೊಡಗಿದಳು. "ಬೆಳಿಗ್ಗೆಯಿಂದ ಎಲ್ಲರೂ ಬರ್ತಿದಾರೆ, ರೋಸ್ವಿಥಾ. ಜೀಗ್‌ಮಾರ್ ಬಂದಿದ್ರು. ಆ ಚುನಾವಣೆಯವರು ಬಂದಿದ್ರು. ಎಲ್ಲರೂ ಇದೇ ಮಾತು ಹೇಳಿದ್ರು, ನಿಂಗೇ ಹಾಕಿದೆ ಅಂತ. ಮೊದಮೊದಲು ಖುಷಿ ಆಯ್ತು. ಆಮೇಲೆ ಎಣಿಸಕ್ಕೆ ಶುರು ಮಾಡಿದೆ." ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ನೀವು ಇಪ್ಪತ್ತೊಂಬತ್ತನೆಯವರು."

ಇಪ್ಪತ್ತೆರಡು ಮತ, ಇಪ್ಪತ್ತೊಂಬತ್ತು ಬಾಯಿ.

"ನಾನು ನಿಜವಾಗ್ಲೂ ಹಾಕಿದೀನಿ" ಎಂದೆ. ಹೇಳುತ್ತಿದ್ದಂತೆ ನನ್ನ ದನಿಯೇ ನನಗೆ ಸುಳ್ಳಾಗಿ ಕೇಳಿಸಿತು. ಉಳಿದವರೂ ಹೀಗೇ, ಇದೇ ಮುಖ ಮಾಡಿಕೊಂಡು, ಇದೇ "ನಿಜವಾಗ್ಲೂ" ಸೇರಿಸಿ ಹೇಳಿರಬೇಕು. "ಸಭೇಲಿ ನಿನ್ನ ಪರ ಮಾತಾಡಿದ್ದು ನಾನೊಬ್ಬಳೇ ಅಲ್ವಾ ಹಲೀನಾ? ನೀನೇ ಕೇಳಿಸಿಕೊಂಡ್ಯಲ್ಲ?"

"ಕೇಳಿಸಿಕೊಂಡೆ. ಜೀಗ್‌ಮಾರ್ ಕೂಡ ವಿಡಿಯೋ ಸುಳ್ಳು ಅಂದ್ರು, ಅದನ್ನೂ ಕೇಳಿಸಿಕೊಂಡೆ. ನಾನು ಫೋಟೋ ತೆಗೆಯುವಾಗ ನೀವು ನನ್ನ ಮುಖ ನೋಡಿದ್ರಲ್ಲ, ಆ ನೋಟಾನೂ ನೋಡಿದೀನಿ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ನಾನೂ ಜಗಳ ಆಡಿ, ಅತ್ತು, ಅವಳನ್ನು ತಬ್ಬಿಕೊಂಡು ಬರುತ್ತಿದ್ದೆ. ಅತ್ತೆ ಏನೋ ಕೇಳಿದರು. ಹಲೀನಾ ಅವರ ಭಾಷೆಯಲ್ಲಿ ಚುಟುಕಾಗಿ ಉತ್ತರಿಸಿದಳು. ಮುದುಕಿ ನನ್ನ ಕಡೆ ತಿರುಗಿ ಅಷ್ಟೂ ಹಲ್ಲು ತೋರಿಸಿ ನಕ್ಕರು.

"ನಂಬು ಕಣಮ್ಮ" ಎಂದೆ. ಬೇಡಿದೆ ಎಂದೇ ಹೇಳಬೇಕು.

"ನಂಬ್ತೀನಿ, ರೋಸ್ವಿಥಾ. ಖಂಡಿತ ನಂಬ್ತೀನಿ. ಕೇಕು ತಿನ್ನಿ."

ಆ ದನಿ ನನಗೆ ಚೆನ್ನಾಗಿ ಗೊತ್ತು. ಆ ಹಳೇ ಕಾಲದಲ್ಲಿ ಗಿರಣಿಗೆ ಪಕ್ಷದ ಕಾರ್ಯದರ್ಶಿ ಬಂದು, ಕಾಮ್ರೇಡ್, ನಿಮಗೆ ನಮ್ಮ ಮಾತಿನಲ್ಲಿ ನಂಬಿಕೆ ಇದೆಯಲ್ಲವೆ ಎಂದು ಕೇಳಿದಾಗಲೆಲ್ಲ ನಾನು ಅದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ.